ಹಂಪಮ್ಮನ ಹರಿಗೋಲು, ಜಡೆಪ್ಪನ ಹಗ್ಗ

ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೋರಲು ಹಾಕಿದ ಹರಿಗೋಲಿನ ಬೆನ್ನ ಮೇಲೆ ಹಂಪಮ್ಮ ಅಂಗೈ ಆಡಿಸುತ್ತಿದ್ದಾರೆ, ಎಮ್ಮೆಯ ಮೈ ಸವರಿದ ಹಾಗೆ. ಬಿದಿರಿನ ಹೆಣಿಗೆಗೆ ತಾಡಪತ್ರಿ ಹೊದಿಸಿ ಟಾರು ಬಳಿದ ಮೈ ಅದು. ಒಂದು ಕಡೆ ಬೆರಳು ತಡೆದು ನಿಲ್ಲುತ್ತದೆ. ಕಣ್ಣಿಗೆ ಕಾಣದ ಬಿರುಕು. ಮೂರು ಕಲ್ಲಿನ ಒಲೆಯ ಮೇಲೆ ಡಬ್ಬಿಯಲ್ಲಿ ಟಾರು ಕುದಿಯುತ್ತಿದೆ. ಚಿಂದಿ ಸುತ್ತಿದ ಕಡ್ಡಿಯಿಂದ ಒಂದಿಷ್ಟು ಹಚ್ಚಿ, ಮಗುವಿನ ಗಾಯಕ್ಕೆ ಊದಿದಂತೆ ಊದುತ್ತಾರೆ.

ಅತ್ತ ಬೇವಿನ ಮರದ ಕೆಳಗೆ ಅವರ ಗಂಡ ಜಡೆಪ್ಪ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದಾರೆ. ಪಕ್ಕದಲ್ಲಿ ಒಗ್ಗರಣೆಗೆ ನೆನೆಸಿದ ಮಂಡಾಳು, ಅಂದರೆ ಮಂಡಕ್ಕಿ. ಟಾರಿನ ಹೊಗೆ ಗಾಳಿಗೆ ಅವರ ಕಡೆಗೇ ತಿರುಗುತ್ತದೆ.

“ಏ ಹಂಪಿ, ಆ ಡಬ್ಬಿ ಅತ್ಲಾಗ ಸರಿಸ. ಹೋದ ವಾರ ಒಬ್ಬಾತ ನನ್ನ ಮಿರ್ಚಿ ತಿಂದು, ಏನ್ರಿ ರೋಡಿನ ವಾಸನಿ ಬರ್ತೈತಿ ಅಂದ.”

“ತಿಂದನೋ, ಬಿಟ್ಟನೋ?”

“ಇನ್ನೊಂದು ಪ್ಲೇಟ್ ತಗೊಂಡ.”

“ಹಂಗಾರ ಸರಿಸಂಗಿಲ್ಲ ಬಿಡ್ರಿ.”

ಬಳ್ಳಾರಿಯಿಂದ, ಸಿರುಗುಪ್ಪದಿಂದ, ಕುರುಗೋಡಿನಿಂದ ಭಾನುವಾರಗಳಂದು ಮಕ್ಕಳು ಮರಿ ಕಟ್ಟಿಕೊಂಡು ಬರುವ ಮಂದಿಗೆ ಹಂಪಮ್ಮ ಯಾರೆಂದು ಗೊತ್ತಿಲ್ಲ. ‘ಹರಿಗೋಲಿನ ಅಕ್ಕ’ ಎಂದರೆ ಮಾತ್ರ ಗೊತ್ತು. ಕೋಟೆಯ ಕಲ್ಲು ಹತ್ತಿ ಇಳಿದು, ಗುಡಿಗೆ ಕೈ ಮುಗಿದು, ಆಮೇಲೆ ಎಲ್ಲರೂ ಬಂದು ನಿಲ್ಲುವುದು ಈ ದಂಡೆಯಲ್ಲಿ. ಇಲ್ಲಿ ನೀರು ಹರಿಯುವುದನ್ನು ಮರೆತು ಕೆರೆಯಂತೆ ಹರಡಿ ನಿಂತಿದೆ. ನಡುವೆ ಒಂದು ಉದ್ದನೆಯ ಕರಿ ಬಂಡೆ. ಮಲಗಿದ ಎಮ್ಮೆಯಂತೆ ಕಾಣುವ ಅದನ್ನು ಹಂಪಮ್ಮ ಎಮ್ಮೆಬಂಡೆ ಎಂದೇ ಕರೆಯುತ್ತಾರೆ. ಅಲ್ಲಿಯವರೆಗೆ ಹರಿಗೋಲಿನಲ್ಲಿ ಹೋಗಿ, ಇಳಿದು, ಬಂಡೆಯ ಬೆನ್ನೇರಿ, ಸುತ್ತ ನೀರು ನೋಡಿ ವಾಪಸು ಬರುವುದೇ ಅವರ ‘ಒಂದು ಸುತ್ತು’. ಹೋಗುವಾಗ ಉಸಿರು ಬಿಗಿ ಹಿಡಿದವರು ಬರುವಾಗ ಇನ್ನೊಂದು ಸುತ್ತು ಕೇಳುತ್ತಾರೆ.

ಹಂಪಮ್ಮನ ತಂದೆ ಸುಂಕಣ್ಣ ಇದೇ ದಂಡೆಯಿಂದ ಜನರನ್ನು ದಾಟಿಸುತ್ತಿದ್ದವರು. ಮದುವೆ ದಿಬ್ಬಣ, ಭತ್ತದ ಚೀಲ, ಆಡು, ಸೈಕಲ್ಲು, ಒಮ್ಮೆ ಒಂದು ಹಾರ್ಮೋನಿಯಂ ಪೆಟ್ಟಿಗೆ, ಎಲ್ಲವೂ ಅವರ ಹರಿಗೋಲಿನಲ್ಲೇ ಆಚೆ ದಡ ಕಂಡಿವೆ. ಗಂಡುಮಕ್ಕಳಿಲ್ಲದ ಸುಂಕಣ್ಣ ಮಗಳ ಕೈಗೆ ಹುಟ್ಟು ಕೊಟ್ಟರು. ಸೇತುವೆ ಆದ ಮೇಲೆ ದಾಟುವವರು ಇಲ್ಲವಾದರು. ಹರಿಗೋಲು ಹಿತ್ತಲು ಸೇರಿತು, ಅದರೊಳಗೆ ಕೋಳಿ ಮರಿ ಮಾಡಿತು. ಹಂಪಮ್ಮ ಗದ್ದೆಯ ನಾಟಿಗೆ, ಕಳೆಗೆ ಹೋದರು. ಗುಡಿ ನೋಡಲು ಬಂದಿದ್ದ ಒಂದು ಕುಟುಂಬದ ಮಕ್ಕಳು ಆ ಬುಟ್ಟಿಯಲ್ಲಿ ಕೂರಲೇಬೇಕೆಂದು ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳಿದ ದಿನದಿಂದ ಕತೆ ಬೇರೆಯಾಯಿತು. ಅವತ್ತು ಹಂಪಮ್ಮ ಕೋಳಿಯನ್ನು ಓಡಿಸಿ ಹರಿಗೋಲನ್ನು ತಲೆ ಮೇಲೆ ಹೊತ್ತು ಹೊಳೆಗೆ ತಂದರು.

“ನಮ್ಮಪ್ಪನ ಕಾಲದಾಗ ಆಚಿ ದಡಕ್ಕ ಹೋಗಾಕ ಹತ್ತತಿದ್ರು. ಈಗ ಇದ ದಡಕ್ಕ ಬರಾಕ ಹತ್ತತಾರ,” ಎಂದು ನಗುತ್ತಾರೆ ಅವರು. “ಸುಮ್ಮನ ಹೋಗಿ ಸುಮ್ಮನ ಬರೋದು. ಅಪ್ಪ ಇದ್ದಿದ್ರ, ಇದೇನ್ ಹುಚ್ಚು ಅಂತಿದ್ದ.”

ಹುಚ್ಚಿಗೂ ಕಟ್ಟುನಿಟ್ಟು ಇದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ಹರಿಗೋಲು ಬೋರಲು. ಗಾಳಿ ಎದ್ದು ನೀರಿನ ಮೈ ಸುಕ್ಕಾದರೆ ಬೋರಲು. ಮೀನುಗಾರರು ಮೊಸಳೆಯ ಮಾತೆತ್ತಿದರೆ, ಅದು ಸುಳ್ಳೇ ಇರಲಿ, ಅವತ್ತು ಪೂರ್ತಿ ಬೋರಲು. ಲೈಫ್ ಜಾಕೆಟ್ ಬೇಡವೆನ್ನುವ ಪೈಲ್ವಾನರು ದಂಡೆಯಲ್ಲೇ ಮಿರ್ಚಿ ತಿನ್ನಬಹುದು. ಕುಡಿದು ಬಂದ ಹುಡುಗರ ಗುಂಪೊಂದು ಜಬರಿಸಿದಾಗ ಹಂಪಮ್ಮ ಹರಿಗೋಲು ಮಗುಚಿ ಹಾಕಿ, ಅದರ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡರಂತೆ. ಒಂದು ಮಳೆಗಾಲ ಹೊಳೆ ಬಂದು ಹರಿಗೋಲನ್ನೇ ಎತ್ತಿಕೊಂಡು ಹೋಯಿತು. ಬಿದಿರು ತರಿಸಿ ಹೊಸದು ಹೆಣೆದು ಮುಗಿಸುವ ಹೊತ್ತಿಗೆ ಅವರ ಬೆರಳುಗಳು ಅನ್ನ ಕಲಸಲಾರದಷ್ಟು ಸೀಳಿದ್ದವು.

ಎಲ್ಲಕ್ಕಿಂತ ದೊಡ್ಡ ನಿಯಮ ಮರಳಿನ ಪಾಠ. ಹಂಪಮ್ಮನ ಹರಿಗೋಲು ಹತ್ತುವವರು ಯಾರೇ ಆಗಲಿ, ನೀರಿಗೆ ಮೊದಲು ಮರಳ ಮೇಲೆ ಪ್ರಯಾಣ ಮಾಡಬೇಕು. ಒಣ ಮರಳಿನಲ್ಲಿ ಹರಿಗೋಲು ಇಟ್ಟು ಇಡೀ ಕುಟುಂಬವನ್ನು ಸುತ್ತಲೂ ಕೂರಿಸುತ್ತಾರೆ. ಭಾರದವರ ಎದುರಿಗೆ ಭಾರದವರು, ಮಕ್ಕಳು ದೊಡ್ಡವರ ನಡುವೆ, ತಿಂಡಿಯ ಚೀಲ ಸರಿಯಾಗಿ ಮಧ್ಯಕ್ಕೆ. ಕಾಲಲ್ಲಿ ಒದ್ದು ಅಲುಗಿಸುತ್ತಾರೆ. ಜನ ಕೇಕೆ ಹಾಕಿ ನಗುವಾಗ, “ಅಲ್ನೋಡ್ರಿ, ನೀರುನಾಯಿ” ಎಂದು ಸುಳ್ಳೇ ಹೊಳೆಯ ಕಡೆ ಕೈ ತೋರಿಸುತ್ತಾರೆ. ನೋಡುವ ಆಸೆಗೆ ಎದ್ದು ನಿಂತವರು ಸೋತರು. ಅವರಿಗೆ ಮೊದಲ ಸುತ್ತು ಇಲ್ಲ. ಮೊಬೈಲ್ ಹಿಡಿದು ಒಂದೇ ಕಡೆಗೆ ಬಾಗುವ ಮನೆಮಂದಿಯೆಲ್ಲ ಇಲ್ಲೇ ಬುದ್ಧಿ ಕಲಿಯುತ್ತಾರೆ. ಬಿದ್ದರೂ ಮರಳು ತಾನೆ.

ಈ ಪಾಠದ ಮೇಷ್ಟ್ರು ಹಂಪಮ್ಮ ಅಲ್ಲ, ಜಡೆಪ್ಪ. ಮಡಿಕೆ ಹಾಕಿದ ಕಾಲು, ಅಂಚಿಗೆ ಕೊಟ್ಟ ಬೆನ್ನು, ತೊಡೆಯ ಮೇಲೆ ಕೈ. ಅವರು ಕೂತರೆ ಹರಿಗೋಲಿನ ಜೊತೆಗೇ ಹೆಣೆದಂತೆ ಕಾಣುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಎದ್ದವರಲ್ಲ.

ಆದರೆ ನೀರಿಗಿಳಿದ ಹರಿಗೋಲಿನಲ್ಲಿ ಕೂರುವವರಲ್ಲ.

ಜಡೆಪ್ಪ ಕೊಳಗಲ್ಲು ಊರಿನ ಒಣಭೂಮಿಯ ಮನುಷ್ಯ. ಮನೆ ಅಳಿಯನಾಗಿ ಹೊಳೆದಂಡೆಗೆ ಬಂದ ಹೊಸದರಲ್ಲಿ ಮಾವ ಸುಂಕಣ್ಣ ಪ್ರೀತಿಯಿಂದ ಅವರನ್ನು ನಡುನೀರಿಗೆ ಕರೆದುಕೊಂಡು ಹೋಗಿ, ಹರಿಗೋಲನ್ನು ಬುಗುರಿಯಂತೆ ಗರಗರ ತಿರುಗಿಸಿದರು. ಮದುಮಗ ಮಾವನ ಕಾಲು ತಬ್ಬಿಕೊಂಡು ಉಂಡಿದ್ದೆಲ್ಲ ಕಕ್ಕಿದ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಊರ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವತ್ತು ಇಳಿದ ಜಡೆಪ್ಪ ಮತ್ತೆ ಹತ್ತಿಲ್ಲ. ಹಂಪಮ್ಮನೂ ಅವತ್ತಿನಿಂದ ಹರಿಗೋಲು ತಿರುಗಿಸಿಲ್ಲ, ಮಕ್ಕಳು ಎಷ್ಟೇ ಗೋಗರೆದರೂ.

ಅಳಿಯನ ಮರ್ಯಾದೆ ಉಳಿಸಲು ಸುಂಕಣ್ಣ ಒಂದು ಕೆಲಸ ಕೊಟ್ಟರು. ಜನ ಹತ್ತುವಾಗ ಹರಿಗೋಲು ಸರಿಯದಂತೆ ಹಗ್ಗ ಹಿಡಿಯಬೇಕು, ವಾಪಸು ಬಂದಾಗ ಎಸೆದ ಹಗ್ಗ ಹಿಡಿದು ದಡಕ್ಕೆ ಎಳೆಯಬೇಕು. ಬರ್ರಿ ಎಂದು ಯಾರೇ ಕರೆದರೂ ಜಡೆಪ್ಪನ ಉತ್ತರ ಒಂದೇ: “ನಾ ಬಂದ್ರ ಹಗ್ಗ ಯಾರು ಹಿಡೀತಾರ?” ಅವರು ನಿಲ್ಲುವ ಜಾಗದ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಹಳೇ ಕಲ್ಲುಗೂಟ ಇದೆ. ಅದರ ಮೇಲೆ ಟವೆಲ್ ಹಾಕಿ, ಹೆಂಡತಿಯ ಹರಿಗೋಲು ಎಮ್ಮೆಬಂಡೆ ಮುಟ್ಟುವವರೆಗೂ ನೋಡುತ್ತ ನಿಲ್ಲುತ್ತಾರೆ.

ನಿಮ್ಮ ಆಸೆ ಏನು ಎಂದರೆ ಹಂಪಮ್ಮ ಎರಡನೇ ಹರಿಗೋಲು ಕೇಳುವುದಿಲ್ಲ. ಗಂಡನ ಕಡೆ ಗದ್ದ ತೋರಿಸುತ್ತಾರೆ. “ಊರ ಮಂದಿನ್ನೆಲ್ಲ ಆ ಎಮ್ಮಿಬಂಡಿ ಮ್ಯಾಲ ನಿಲ್ಲಿಸೀನಿ. ಇವ್ರನ್ನ ಒಮ್ಮಿ ನಿಲ್ಲಿಸಬೇಕು. ಅಷ್ಟ.”

ಈ ಭಾನುವಾರ ಮೊದಲು ಬರುವ ಕಾರು ಬಳ್ಳಾರಿಯದು. ಜೀನ್ಸ್ ಹೊಲಿಸುವ ಚನ್ನಬಸವರಾಜ, ಹೆಂಡತಿ ಶೀಲಾ, ಎಂಟು ವರ್ಷದ ಮಗಳು ಅಂಜನಾ, ಜೊತೆಗೆ ಚನ್ನಬಸವರಾಜರ ತಾಯಿ ಅಕ್ಕನಾಗಮ್ಮ. ಅಕ್ಕನಾಗಮ್ಮ ಕುರುಗೋಡಿನವರು, ಎಪ್ಪತ್ತು ದಾಟಿದವರು, ಮೈಕೈ ತುಂಬಿದ ದೊಡ್ಡ ಆಳು. ಹುಡುಗಿಯಾಗಿದ್ದಾಗ ಊರ ಗುಡ್ಡದ ಬಂಡೆಯೆಲ್ಲ ಬರಿಗಾಲಲ್ಲಿ ಹತ್ತಿದ್ದರಂತೆ. ನೀರಿನ ಮೇಲೆ ಕೂತದ್ದಿಲ್ಲ. ಕಲ್ಲಿನ ಸಹವಾಸ ಸಾಕಾಯಿತು, ಒಮ್ಮೆ ನೀರು ನೋಡಿಸಿ ಎಂದು ಅವರೇ ಮಗನನ್ನು ಹೊರಡಿಸಿಕೊಂಡು ಬಂದಿದ್ದಾರೆ.

ಜಡೆಪ್ಪ ಹರಿಗೋಲಿನೊಳಗೆ ಕೂತು ಮರಳಿನ ಪಾಠ ಶುರುಮಾಡುತ್ತಾರೆ. ಅಕ್ಕನಾಗಮ್ಮನ ಎದುರಿಗೆ ಮಗ ಕೂರುತ್ತಾರೆ, ಅವರೂ ಸಣ್ಣ ಆಳಲ್ಲ. ಹಂಪಮ್ಮ ಒದ್ದು ಅಲುಗಿಸಿದ ಕೂಡಲೇ ಚನ್ನಬಸವರಾಜ ಎದ್ದು ನಿಲ್ಲುತ್ತಾರೆ. ಹಂಪಮ್ಮ ಮತ್ತೆ ಕೂರಿಸುತ್ತಾರೆ. ಜಡೆಪ್ಪ ನೀರುನಾಯಿ ಎಂದದ್ದೇ ತಡ, ಮೊಬೈಲ್ ಸಮೇತ ಮತ್ತೆ ಎದ್ದಿದ್ದಾರೆ. ಅಂಜನಾ ಚಪ್ಪಾಳೆ ತಟ್ಟುತ್ತಾಳೆ. “ಪಪ್ಪಾ ಔಟ್.”

ಮೊದಲ ಸುತ್ತು ಅವರಿಗಿಲ್ಲ. ಹರಿಗೋಲು ನೀರಿಗೆ ಇಳಿಯುತ್ತದೆ. ಶೀಲಾ ಹತ್ತುತ್ತಾರೆ, ಅಂಜನಾ ಹತ್ತುತ್ತಾಳೆ. ಅಕ್ಕನಾಗಮ್ಮ ಒಂದು ಕಾಲು ಎತ್ತುತ್ತಾರೆ, ನೀರು ಪುಳಕ್ಕೆನ್ನುತ್ತದೆ. ಕಾಲು ವಾಪಸು ಮರಳಿಗೆ ಬರುತ್ತದೆ. ಮುಖ ಬೆವೆತಿದೆ. ಮಗ ಧೈರ್ಯ ಹೇಳುತ್ತಾರೆ, ಸೊಸೆ ಕೈ ಚಾಚುತ್ತಾರೆ. ಮುದುಕಿ ಯಾರ ಮಾತೂ ಕೇಳದೆ ಹಗ್ಗ ಹಿಡಿದು ನಿಂತ ಜಡೆಪ್ಪನನ್ನೇ ನೋಡುತ್ತಾರೆ.

“ಈ ಅಣ್ಣ ಎದುರಿಗೆ ಕುಂತ್ರ ನಾ ಬರ್ತೀನಿ. ಇಲ್ಲಂದ್ರ ಇಲ್ಲ.”

ಜಡೆಪ್ಪ ಕೈಯಲ್ಲಿನ ಹಗ್ಗ ಎತ್ತಿ ತೋರಿಸುತ್ತಾರೆ. “ಇಲ್ಲಬೇ ಯವ್ವಾ, ನಾ ಹಗ್ಗ…”

“ನನ್ನ ಮಗ ಮರಳ ಮ್ಯಾಲ ಎರಡು ಸಲ ಎದ್ದ. ನೀನು ಒಂದ ಸಲಾನೂ ಏಳಲಿಲ್ಲ. ನಿನ್ನ ನಂಬಿ ಬರ್ತೀನಿ ಅಂತೀನಿ ನಾನು.”

“ಹಗ್ಗ ಇತ್ತ ಕೊಡ್ರಿ, ನಾ ಹಿಡೀತೀನಿ,” ಎಂದು ಚನ್ನಬಸವರಾಜ ಮುಂದೆ ಬರುತ್ತಾರೆ. ಅವರಿಗೇನು ಗೊತ್ತು, ಇಪ್ಪತ್ತು ಚಿಲ್ಲರೆ ವರ್ಷದ ನೆಪವೊಂದನ್ನು ತಾವು ಕೈಯಿಂದ ಕಿತ್ತುಕೊಳ್ಳುತ್ತಿದ್ದೇವೆಂದು.

ಹಂಪಮ್ಮ ಹುಟ್ಟು ಹಿಡಿದು ಕೂತಲ್ಲೇ ಕೂತಿದ್ದಾರೆ. ನೀರಿನ ಕಡೆ ಮುಖ ಮಾಡಿದ್ದಾರೆ. ಈಗ ಗಂಡನನ್ನು ನೋಡಿದರೆ ಅವರು ಹಿಂದೆ ಸರಿದಾರು ಎಂಬ ಭಯ.

ಜಡೆಪ್ಪ ಟವೆಲ್ಲನ್ನು ಕಲ್ಲುಗೂಟದಿಂದ ತೆಗೆದು ತಲೆಗೆ ಸುತ್ತಿಕೊಳ್ಳುತ್ತಾರೆ. ಮತ್ತೆ ಬಿಚ್ಚುತ್ತಾರೆ. ಲೈಫ್ ಜಾಕೆಟ್ ತೊಡುತ್ತಾರೆ, ಬಕಲ್ ಎರಡು ಸಲ ತಪ್ಪುತ್ತದೆ. ಆಮೇಲೆ ಅಕ್ಕನಾಗಮ್ಮನ ಕೈ ಹಿಡಿದು, ಯಾರು ಯಾರನ್ನು ಹತ್ತಿಸಿದರೋ ತಿಳಿಯದ ಹಾಗೆ, ಇಬ್ಬರೂ ಒಟ್ಟಿಗೆ ಒಳಗೆ ಬಂದು ಎದುರುಬದುರು ಕೂರುತ್ತಾರೆ. ಮಡಿಕೆ ಹಾಕಿದ ಕಾಲು, ಅಂಚಿಗೆ ಕೊಟ್ಟ ಬೆನ್ನು, ತೊಡೆಯ ಮೇಲೆ ಕೈ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದೆ.

ಹುಟ್ಟು ನೀರಿಗೆ ಬೀಳುತ್ತದೆ. ಹಂಪಮ್ಮ ಇಷ್ಟು ಮೆಲ್ಲಗೆ ಹಿಂದೆಂದೂ ಹರಿಗೋಲು ನಡೆಸಿಲ್ಲ. ದಂಡೆ ದೂರವಾಗುತ್ತದೆ, ಮಿರ್ಚಿಯ ವಾಸನೆ ದೂರವಾಗುತ್ತದೆ. ಬೆಳ್ಳಕ್ಕಿಗಳು ತಲೆಯ ಮೇಲೆಯೇ ಹಾದು ಹೋಗುತ್ತವೆ. ಅಂಜನಾ ಕೈ ನೀರಿಗೆ ಬಿಟ್ಟು ಕಿಲಕಿಲ ನಗುತ್ತಾಳೆ. ಅಕ್ಕನಾಗಮ್ಮ, “ಇಷ್ಟ ಏನ?” ಎಂದು ಎಲ್ಲರನ್ನೂ ಕೇಳುತ್ತಾರೆ. ಮುಖದ ಬೆವರು ಆರಿದೆ.

ಎಮ್ಮೆಬಂಡೆ ಇನ್ನೇನು ಸಿಗಬೇಕು, ಆಗ ನೀರು ಒಡೆಯುತ್ತದೆ. ಒಂದು ಕಂದು ತಲೆ. ಅದರ ಪಕ್ಕ ಇನ್ನೊಂದು. ಹಿಂದೆ ಎರಡು ಸಣ್ಣವು. ಮೀಸೆಯಿಂದ ನೀರು ತೊಟ್ಟಿಕ್ಕುತ್ತ ಸೀಟಿ ಹೊಡೆದಂತೆ ಸದ್ದು ಮಾಡುತ್ತಿವೆ.

“ನೀರುನಾಯಿ,” ಎನ್ನುತ್ತಾಳೆ ಅಂಜನಾ, ಪಿಸುಮಾತಿನಲ್ಲಿ.

ಜಡೆಪ್ಪ ಕಣ್ಣು ತೆರೆಯುತ್ತಾರೆ. ಸಾವಿರ ಸಲ ಸುಳ್ಳೇ ಕೂಗಿದ ಪ್ರಾಣಿ ಕೈಯಳತೆಯಲ್ಲಿದೆ, ಮರಿಗಳ ಸಮೇತ. ಅವರಿಗೆ ಹೊಳೆ ಮರೆತುಹೋಗುತ್ತದೆ, ಮಾವ ಮರೆತುಹೋಗುತ್ತಾರೆ, ಪಾಠವೂ ಮರೆತುಹೋಗುತ್ತದೆ. ಕುಂಡೆ ಮೇಲೇಳುತ್ತದೆ. ಹರಿಗೋಲು ವಾಲುವ ಮೊದಲೇ ಅಕ್ಕನಾಗಮ್ಮ ಅವರ ಜಾಕೆಟ್ಟಿನ ಪಟ್ಟಿ ಹಿಡಿದು ಕೆಳಕ್ಕೆ ಜಗ್ಗುತ್ತಾರೆ.

“ಕುಂದ್ರಪ್ಪಾ ಮೇಷ್ಟ್ರ. ಎದ್ದವರಿಗೆ ಸುತ್ತು ಇಲ್ಲಂತ ನೀನ ಹೇಳಿದ್ದಿ.”

ಹಂಪಮ್ಮ ನಗುತ್ತಾರೆ. ಬಗ್ಗಿ, ಹುಟ್ಟಿನ ಮೇಲೆ ಹಣೆ ಇಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ನೀರುನಾಯಿಗಳು ಮುಳುಗಿ ಇನ್ನಷ್ಟು ದೂರದಲ್ಲಿ ಏಳುತ್ತವೆ. ಬಂಡೆಯ ಬೆನ್ನೇರಿ ನಿಂತ ಜಡೆಪ್ಪ ಸುತ್ತ ತಿರುಗಿ ನೋಡಿ, ದಂಡೆ ಇಲ್ಲಿಂದ ಬಹಳ ಸಣ್ಣದಾಗಿ ಕಾಣುತ್ತದೆ ಎಂದಷ್ಟೇ ಹೇಳುತ್ತಾರೆ.

ವಾಪಸು ಬರುವಾಗ ದಂಡೆಯಲ್ಲಿ ಹಗ್ಗ ಹಿಡಿಯಬೇಕಾದ ಚನ್ನಬಸವರಾಜ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ವಿಡಿಯೊ ತೆಗೆಯುತ್ತಿದ್ದಾರೆ. ಹಂಪಮ್ಮ ಹಗ್ಗದ ತುದಿಗೆ ಕುಣಿಕೆ ಮಾಡಿ ಬೀಸುತ್ತಾರೆ. ಅದು ಹೋಗಿ ಕಲ್ಲುಗೂಟದ ಕುತ್ತಿಗೆಗೆ ಬೀಳುತ್ತದೆ. ಅಲ್ಲಿ ಹಗ್ಗ ಉಜ್ಜಿ ಉಜ್ಜಿ ಸವೆದ ಹಳೆಯ ಗೆರೆಯಿದೆ. ಸುಂಕಣ್ಣನ ಕಾಲದ್ದು, ಅಳಿಯ ಬರುವುದಕ್ಕೂ ಮೊದಲಿನದು. ಒಂದೇ ಜಗ್ಗಿಗೆ ಹರಿಗೋಲು ದಡ ಸೇರುತ್ತದೆ.

ಹಂಪಮ್ಮ ನಾಲಗೆ ಕಚ್ಚಿಕೊಳ್ಳುತ್ತಾರೆ. ಇಷ್ಟು ವರ್ಷ ಒಮ್ಮೆಯೂ ಅವರು ಆ ಕಲ್ಲಿಗೆ ಹಗ್ಗ ಹಾಕಿದವರಲ್ಲ.

“ಕಲ್ಲು ಸಾಕು ಅಂತ ನನಗೂ ಗೊತ್ತಿತ್ತು ಬಿಡ,” ಎನ್ನುತ್ತಾರೆ ಜಡೆಪ್ಪ. “ದಿನಾ ಅದರ ಮ್ಯಾಲ ಟವೆಲ್ ಹಾಕಾಂವ ನಾನು. ಗೆರಿ ಕಾಣಂಗಿಲ್ಲೇನು? ನೀನು ಅನ್ನಲಿಲ್ಲ, ನಾನೂ ಅನ್ನಲಿಲ್ಲ.”

“ಕಲ್ಲಿಗಿಂತ ನೀವು ಚಲೋ ಎಳೀತೀರಿ. ಅದಕ್ಕ ಅನ್ನಲಿಲ್ಲ.”

ಅಷ್ಟರಲ್ಲಿ ಸಿರುಗುಪ್ಪದಿಂದ ಬಂದ ಇನ್ನೊಂದು ಕುಟುಂಬ ಆಟೊದಿಂದ ಇಳಿಯುತ್ತಿದೆ. ಚನ್ನಬಸವರಾಜ ಮಿರ್ಚಿ ಮುಗಿಸಿ ತಮ್ಮ ಸುತ್ತಿಗಾಗಿ ಕಾಯುತ್ತಿದ್ದಾರೆ. ಹರಿಗೋಲು ಮತ್ತೆ ಮರಳಿಗೆ ಬರುತ್ತದೆ, ಜಡೆಪ್ಪ ಪಾಠ ಹೇಳುತ್ತಾರೆ. ಈಗ ನೀರುನಾಯಿ ಎಂದು ಕೈ ತೋರಿಸುವಾಗ ಅವರ ದನಿಯಲ್ಲಿ ಕಂಡವನ ಗತ್ತು ಇದೆ. ಪಾಠ ಮುಗಿದು ಹರಿಗೋಲು ನೀರಿಗೆ ಇಳಿಯುತ್ತದೆ. ಮಂದಿ ಒಬ್ಬೊಬ್ಬರಾಗಿ ಹತ್ತಿ ಕೂರುತ್ತಾರೆ. ಹಂಪಮ್ಮ ಹುಟ್ಟು ತೆಗೆದುಕೊಂಡು ಅಭ್ಯಾಸದಂತೆ ದಂಡೆಯ ಕಡೆ ತಿರುಗುತ್ತಾರೆ.

ಹಗ್ಗ ಹಿಡಿಯುವ ಜಾಗದಲ್ಲಿ ಯಾರೂ ಇಲ್ಲ. ಹಗ್ಗ ಕಲ್ಲಿಗೆ ಸುತ್ತಿದೆ. ಜಡೆಪ್ಪ ಹರಿಗೋಲಿನಲ್ಲಿ ಚನ್ನಬಸವರಾಜರ ಎದುರಿಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ಕಣ್ಣು ತೆರೆದುಕೊಂಡು.

“ನಡಿ,” ಎನ್ನುತ್ತಾರೆ. “ಈತ ಮತ್ತ ಎದ್ದಾನು. ಜಗ್ಗಾಕ ಒಬ್ರು ಬೇಕಲ್ಲ.”