ಹತ್ತು ತಿಂಗಳು ಸುಮ್ಮನಿದ್ದ ಗ್ರಾಹಕರು

ಫ್ರೆಂಡ್ಸ್, ಇವತ್ತು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಶಾರದಮ್ಮ ನನ್ನ ಬರವಣಿಗೆ ತಿದ್ದಿದರು.

ಮಂಡಿಯ ಕಂಪ್ಯೂಟರಿನಲ್ಲಿ ರೈತರ ವಿವರ ನೋಡಿಕೊಳ್ಳುವವರು ಅವರು. ಈಗ ಅವರ ಜೊತೆಗೊಂದು ಎಐ ಸಹಾಯಕ ಬಂದಿದೆ. ಅದು ಯಾವ ದಾಖಲೆಯನ್ನು ಯಾವಾಗ ಆರ್ಕೈವ್ ಮಾಡಬೇಕು, ಅಂದರೆ ಬಳಕೆಯಿಂದ ತೆಗೆದು ಎತ್ತಿಡಬೇಕು, ಎಂಬ ಸೂಚನೆ ಬರೆಯುವುದು ನನ್ನ ಕೆಲಸ. ಆರ್ಕೈವ್ ಆದರೆ ದಾಖಲೆ ಅಳಿಯುವುದಿಲ್ಲ, ಆದರೆ ಆ ರೈತರಿಗೆ ಹರಾಜಿನ ದರದ ಮೆಸೇಜ್ ನಿಂತುಹೋಗುತ್ತದೆ. "ಹತ್ತು ತಿಂಗಳು ಸಂಪರ್ಕವಿಲ್ಲದವರನ್ನು ಆರ್ಕೈವ್ ಮಾಡು" ಎಂದು ಶುರುಮಾಡಿ ನಾಲ್ಕು ಪುಟ ಬರೆದಿದ್ದೆ.

ಪರೀಕ್ಷೆಗೆಂದು ಸಹಾಯಕವನ್ನು ಓಡಿಸಿದೆವು. ಅದು ಆರ್ಕೈವ್ ಮಾಡಿದವರ ಪಟ್ಟಿ ನೋಡಿ ಶಾರದಮ್ಮ ಕೂತಲ್ಲಿಂದ ಎದ್ದೇಬಿಟ್ಟರು.

"ನೊಣವಿನಕೆರೆ ಊರಿನ ರೈತ್ರನ್ನೆಲ್ಲ ಎತ್ತಿಟ್ಟೈತಲ್ರೀ ಇದು!"

"ಹತ್ತು ತಿಂಗಳಿಂದ ಒಂದು ಫೋನೂ ಇಲ್ವಲ್ಲಕ್ಕಾ?"

"ಕಾಯಿ ಅಟ್ಟದ ಮೇಲಿರೋವಾಗ ಯಾಕ್ರೀ ಫೋನ್ ಮಾಡ್ತಾರೆ? ನೀರು ಬತ್ತಿ ಕೊಬ್ಬರಿ ಆಗೋಕೆ ವರ್ಷ ಬೇಕು. ಅಲ್ಲೀಗಂಟ ಅವರೂ ಸುಮ್ಕಿರ್ತಾರೆ, ನಾವೂ ಸುಮ್ಕಿರ್ತೀವಿ. ಈಗ ಮೆಸೇಜ್ ನಿಲ್ಸಿದ್ರೆ ಬೇರೆ ಮಂಡಿಗೆ ಹೋಯ್ತಾರೆ ಕಣ್ರೀ."

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ: "ಕೊನೆಯ ಫೋನ್ ನೋಡಬೇಡ. ಕಾಯಿ ಅಟ್ಟಕ್ಕೆ ಹಾಕಿದ ತಿಂಗಳು ನೋಡು. ಗೊತ್ತಿಲ್ಲದಿದ್ದರೆ ಕೇಳು." ಇಷ್ಟು ಚೊಕ್ಕವಾಗಿ ನಾನು ಇದುವರೆಗೆ ಒಂದು ಸೂಚನೆಯನ್ನೂ ಬರೆದಿಲ್ಲ.

ಈ ಸೂಚನೆ ಕೊಟ್ಟು ಮತ್ತೆ ಓಡಿಸಿದಾಗ ಅದು ಯಾರನ್ನೂ ಮುಟ್ಟಲಿಲ್ಲ. "ಇವರು ಕಾಯಿ ಹಾಕಿದ ತಿಂಗಳು ತಿಳಿದಿಲ್ಲ. ಯಾರನ್ನು ಕೇಳಲಿ?" ಎಂಬ ಸಾಲು ಪರದೆಯ ಮೇಲೆ ಬಂತು.

"ನನ್ನ ಕೇಳಪ್ಪ, ಹೇಳ್ತೀನಿ" ಎಂದು ಶಾರದಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು.

ಸಂಜೆಯವರೆಗೂ ಅವರಿಬ್ಬರದೇ ಮಾತು. ನಾಲ್ಕು ಪುಟ ಬರೆದ ನನ್ನನ್ನು ಮಾತ್ರ ಇಬ್ಬರೂ ಏನೂ ಕೇಳಲಿಲ್ಲ.