ಸುಸಾನಾಳ ಬ್ರೆಡ್ಡಿನ ಮೊದಲ ತುಣುಕು

ನಮ್ಮೂರು ಥಾರ್ಲ್‌ಬಿಯಲ್ಲಿ ಯಾರಿಗಾದರೂ ತಮ್ಮ ಮುತ್ತಜ್ಜನ ಮುತ್ತಜ್ಜ ಭಾರೀ ದೊಡ್ಡ ಮನುಷ್ಯನಾಗಿದ್ದ ಎಂಬ ಭ್ರಮೆ ಹತ್ತಿತೆಂದರೆ ಅವರು ಹೋಗಿ ತಟ್ಟುವುದು ಮೇವಿಸ್ ರೇಸ್‌ಬೆಕ್‌ಳ ಮನೆಯ ಬಾಗಿಲನ್ನು. ಕೈಯಲ್ಲಿ ಒಂದು ಕೇಕು ಇರಬೇಕು. ಅವಳು ಕೇಳುವುದಿಲ್ಲ, ಆದರೆ ಬರಿಗೈಲಿ ಹೋದವರ ಪೂರ್ವಜರು ಬೇಗ ಸಿಗುವುದೂ ಇಲ್ಲ. ಕೇಕು ತಿಂದು ಮುಗಿಸಿ, ಮಂಗಳವಾರದ ಬಸ್ಸು ಹತ್ತಿ, ಜಿಲ್ಲಾ ದಾಖಲೆ ಕಚೇರಿಯಲ್ಲಿ ಹಳೆಯ ಚರ್ಚು ರಿಜಿಸ್ಟರುಗಳ ಫೋಟೋ ತೆಗೆದಿಟ್ಟ ಫಿಲ್ಮು ತಿರುಗಿಸಿ, ಇದ್ದದ್ದನ್ನು ಇದ್ದ ಹಾಗೆ ತಂದು ಹೇಳುತ್ತಾಳೆ. ಕರ್ನಲ್ ಪೊಲಿಟ್‌ಗೆ ತನ್ನ ವಂಶದಲ್ಲೊಬ್ಬ ಸರದಾರ ಇದ್ದೇ ಇದ್ದಾನೆಂದು ಖಾತ್ರಿಯಿತ್ತು. ಸಿಕ್ಕಿದವನು ಬಾತುಕೋಳಿ ಕದ್ದು, ಶಿಕ್ಷೆಯಾಗಿ ಚರ್ಚಿನ ಮುಂದೆ ಬರಿಗಾಲಲ್ಲಿ ನಿಂತವನು. ಕರ್ನಲ್ ಮೂರು ವಾರ ಅವಳನ್ನು ಮಾತಾಡಿಸಲಿಲ್ಲ. ನಾಲ್ಕನೆಯ ವಾರ ತಾನೇ ಬಂದು, ಆ ಬಾತುಕೋಳಿಯ ವಿಷಯ ಇನ್ನೂ ಸ್ವಲ್ಪ ಏನಾದರೂ ಬರೆದಿದೆಯೇ ಎಂದು ಕೇಳಿದ.

ಮೇವಿಸ್ ಓದಿದ್ದು ಹೆಚ್ಚೇನಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಸುಣ್ಣದ ಗುಡ್ಡಗಳ ನಡುವಿನ ಹನ್ನೊಂದು ಹಳ್ಳಿಗಳ ಯಾವ ಮಗು ಯಾವ ಮನೆಯದು, ಯಾವನ ಮೂಗು ಯಾವ ತಾತನಿಂದ ಬಂದದ್ದು ಎಂದು ಕನ್ನಡಿಯಲ್ಲಿ ಒಮ್ಮೆ ನೋಡಿಯೇ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಸತ್ತವರ ಮೇಲೆ ಶುರುಮಾಡಿದಳು, ಅಷ್ಟೆ. ಗಂಡ ಲೆನ್ ಹೋದ ಮೇಲೆ ಮನೆಯಲ್ಲಿ ಅವಳು ಮತ್ತು ತಾಯಿ ಫ್ಲಾರಿ, ಇಬ್ಬರೇ. ಈ ಕತೆ ನಡೆದ ತೊಂಬತ್ತೆಂಟನೇ ಇಸವಿಯಲ್ಲಿ ಮೇವಿಸ್‌ಗೆ ಅರವತ್ತಾರು, ಫ್ಲಾರಿಗೆ ತೊಂಬತ್ತೊಂದು. ಇಬ್ಬರಿಗೂ ಬಾಯಿ ಜೋರು. ಬೆಳಗಿನ ಟೀ ಕುಡಿಯುವ ಮೊದಲೇ ಒಂದು ಜಗಳ ಮುಗಿಸಿ, ಎರಡನೆಯದನ್ನು ಊಟಕ್ಕೆಂದು ಎತ್ತಿಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಮೇವಿಸ್ ತಾಯಿಯ ಮುಂದೆ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ. ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ ಬಟ್ಟೆ ಸುತ್ತಿಟ್ಟ ಬ್ರೆಡ್ ಕೊಯ್ಯುವ ಚಾಕು ಒಂದಿತ್ತು. ಎಂಟು ವರ್ಷದವಳಿದ್ದಾಗ ಮೇವಿಸ್ ಅದನ್ನು ತೆಗೆದು ಬ್ರೆಡ್ಡಿಗೆ ಹಾಕಿದ್ದಳು, ಇನ್ನೂ ಒತ್ತಿರಲಿಲ್ಲ, ಕೆನ್ನೆಗೆ ಫಟಾರೆಂದು ಬಿತ್ತು. ಫ್ಲಾರಿ ಜೀವಮಾನದಲ್ಲಿ ಮಗಳ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಯಾಕೆಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ಇನ್ನು ಬ್ರೆಡ್ಡಿನ ವಿಷಯ. ಆಗಸ್ಟ್ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನ ಹೊಸ್ತಿಲ ಬಳಿ ಆ ವರ್ಷದ ಹೊಸ ಗೋಧಿಯ ದೊಡ್ಡ ಬ್ರೆಡ್ಡೊಂದನ್ನು ಮೇಜಿನ ಮೇಲಿಡುತ್ತಾರೆ. ಮುನ್ನೂರು ವರ್ಷದ ಹಿಂದೆ ಸುಸಾನಾ ವಾರಮ್ ಎಂಬ ವಿಧವೆ ಅದಕ್ಕೆಂದೇ ಒಂದು ಹೊಲ ಬಿಟ್ಟು ಸತ್ತಳು. ಬ್ರೆಡ್ಡು ಇಡೀ ಊರಿಗೆ, ಆದರೆ ಮೊದಲ ತುಣುಕು ಕತ್ತರಿಸಬೇಕಾದವಳು ಸುಸಾನಾಳ ರಕ್ತದಲ್ಲಿ, ಮದುವೆಯೊಳಗೇ ಹುಟ್ಟಿ ಬಂದ ವಂಶದಲ್ಲಿ, ಬದುಕಿರುವ ಎಲ್ಲರಿಗಿಂತ ಹಿರಿಯ ಹೆಂಗಸು. ಹೀಗೆಂದು ಉಯಿಲಿನಲ್ಲೇ ಬರೆದಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಇಪ್ಪತ್ತು ವರ್ಷದಿಂದ ಕತ್ತರಿಸುತ್ತಿದ್ದವಳು ಬೆರಿಲ್ ಆಟ್ಲಿ. ಅವಳಿಗೆ ಎಪ್ಪತ್ತೊಂಬತ್ತು. ಫ್ಲಾರಿಯೂ ಸುಸಾನಾಳ ವಂಶದವಳೇ, ಹನ್ನೆರಡು ವರ್ಷ ದೊಡ್ಡವಳು ಬೇರೆ. ಆದರೂ ಅವಳು ಸಾಲಿನಲ್ಲಿ ಹಿಂದೆ ನಿಲ್ಲಬೇಕು, ಯಾಕೆಂದರೆ ಅವರದು ಮದುವೆಗೆ ಮುಂಚಿನ ಕೂಸಿನ ವಂಶ ಎಂದು ಇಡೀ ಊರಿಗೆ ಗೊತ್ತಿತ್ತು.

ಊರಿಗೆ ಗೊತ್ತಾದದ್ದು ಸಾವಿರದ ಒಂಬೈನೂರ ಹನ್ನೊಂದರಲ್ಲಿ. ಬೆರಿಲ್‌ಳ ತಾತ ಕತ್‌ಬರ್ಟ್ ಆಟ್ಲಿ ಕಸುಬಿನಲ್ಲಿ ಕಟುಕ, ಚರ್ಚಿನ ಮೇಲ್ವಿಚಾರಕ, ಎಲ್ಲದರಲ್ಲೂ ಅಚ್ಚುಕಟ್ಟು. ಹಳೆಯ ರಿಜಿಸ್ಟರು ಇಲಿ ಕಡಿದು ಹಾಳಾಗುತ್ತಿದೆಯೆಂದು ಎರಡು ಚಳಿಗಾಲ ಕೂತು ಮುದ್ದಾದ ಅಕ್ಷರದಲ್ಲಿ ಹೊಸ ಪುಸ್ತಕಕ್ಕೆ ಇಳಿಸಿದ. ಅದರಲ್ಲಿ ಸುಸಾನಾಳ ಮೊಮ್ಮಗಳು ಥಾಮಸಿನ್‌ಳ ಮಗು ಜಾನ್‌ನ ದೀಕ್ಷಾಸ್ನಾನ 1731ರ ಫೆಬ್ರವರಿಯಲ್ಲಿತ್ತು, ಅವಳ ಮದುವೆ 1731ರ ಏಪ್ರಿಲ್‌ನಲ್ಲಿತ್ತು. ಕೂಸು ಮೊದಲು, ಮದುವೆ ಆಮೇಲೆ. ಆ ವರ್ಷ ಬ್ರೆಡ್ಡು ಕತ್ತರಿಸುವ ಸರದಿ ಬಂದಿದ್ದದ್ದು ಈ ಜಾನ್‌ನ ವಂಶದವಳಾದ ಫ್ಲಾರಿಯ ಅಜ್ಜಿ ಹ್ಯಾನಾಗೆ. ಹೊಸ ಟೋಪಿ ಹಾಕಿಕೊಂಡು ಮೇಜಿನ ತನಕ ಬಂದವಳಿಗೆ ಕತ್‌ಬರ್ಟ್ ಪುಸ್ತಕ ತೆರೆದು ತೋರಿಸಿ, ಹಿಂದಕ್ಕೆ ಸರಿಯಮ್ಮ ಎಂದ. ಅಜ್ಜಿಯ ಲಂಗ ಹಿಡಿದು ನಿಂತಿದ್ದ ಫ್ಲಾರಿಗೆ ಆಗ ನಾಲ್ಕು ವರ್ಷ. ಆ ಮಾತು ಅವಳ ಕಿವಿಯಿಂದ ಹೋಗಲೇ ಇಲ್ಲ.

"ಬರೀ ಬ್ರೆಡ್ಡು ಕಣೇ, ಬಿಡು ಅತ್ಲಾಗೆ," ಎನ್ನುತ್ತಿದ್ದಳು ಫ್ಲಾರಿ ಯಾವಾಗ ಕೇಳಿದರೂ. ತೊಂಬತ್ತೆಂಟರ ಮಾರ್ಚಿನಲ್ಲಿ ಅವಳು ಎದೆಯಲ್ಲಿ ಕಫ ಕಟ್ಟಿ ಮೂರು ವಾರ ಮಲಗಿದಳು. ಜ್ವರ ಇಳಿದ ದಿನ ಸೂಪು ಕುಡಿಯುತ್ತ, ಕಿಟಕಿಯ ಕಡೆ ನೋಡುತ್ತ, "ಒಂದ್ ಸಲ ಕತ್ತರಿಸ್ಬೇಕಿತ್ತು ಮೇವಿಸ್," ಎಂದಳು. ಅಷ್ಟೇ ಅಂದದ್ದು. ಆಮೇಲೆ ಸೂಪಿಗೆ ಉಪ್ಪಿಲ್ಲ ಎಂದು ಬೈದಳು.

ಮೇವಿಸ್ ಉಪ್ಪಿನ ಡಬ್ಬಿ ತಂದಿಟ್ಟಳು. ಊರವರ ಪೂರ್ವಜರನ್ನೆಲ್ಲ ಅಗೆದು ತೆಗೆದವಳು ತನ್ನ ಮನೆಯ ಈ ಎರಡು ಸಾಲುಗಳನ್ನು ಒಮ್ಮೆಯೂ ಮೂಲದಲ್ಲಿ ನೋಡಿರಲಿಲ್ಲ. ಆ ಎರಡು ಮೂರು ವರ್ಷಗಳ ಫಿಲ್ಮು ಬೆಳಕು ಹೆಚ್ಚಾಗಿ ಬಿಳಿಚಿಹೋಗಿತ್ತು. ಕತ್‌ಬರ್ಟ್‌ನ ನಕಲು ಇದೆಯಲ್ಲ ಎಂದು ಎಲ್ಲರಂತೆ ಅವಳೂ ಸುಮ್ಮನಿದ್ದಳು.

ಮುಂದಿನ ಮಂಗಳವಾರ ದಾಖಲೆ ಕಚೇರಿಯ ಮಿಸ್ ಪೆಚ್‌ಳ ಮೇಜಿನ ಮುಂದೆ ಹೋಗಿ ನಿಂತಳು.

"ಮೂಲ ಪುಸ್ತಕ ಬೇಕು."

"ಮೂಲ ಪುಸ್ತಕ ಯಾರಿಗೂ ಕೊಡಲ್ಲ, ಮಿಸೆಸ್ ರೇಸ್‌ಬೆಕ್. ನಿಮಗೇ ಗೊತ್ತಲ್ಲ."

"ಫಿಲ್ಮಲ್ಲಿ ಏನೂ ಕಾಣಲ್ಲ. ನಿಮ್ಮ ನಿಯಮದಲ್ಲೇ ಇದೆ, ಕಾಣದೇ ಇದ್ರೆ ಕೊಡ್ಬೇಕು ಅಂತ. ಗೋಡೆ ಮೇಲೆ ಅಂಟಿಸಿದೀರಿ, ಆರನೇ ಸಾಲು."

ಮಿಸ್ ಪೆಚ್ ತಿರುಗಿ ಗೋಡೆ ನೋಡಿದಳು. ಆರನೇ ಸಾಲಿನಲ್ಲಿ ಇದ್ದೇ ಇತ್ತು. "ಪೆನ್ನು ಒಳಗೆ ತರಬೇಡಿ," ಎಂದು ಗೊಣಗಿ ಒಳಗೆ ಹೋದಳು.

ಸ್ಪಂಜಿನ ದಿಂಬಿನ ಮೇಲೆ, ಕೂಸನ್ನು ಮಲಗಿಸಿದ ಹಾಗೆ, ಪುಸ್ತಕ ಬಂತು. ಮದುವೆ, ದೀಕ್ಷಾಸ್ನಾನ, ಸಾವು ಎಲ್ಲವನ್ನೂ ನಡೆದ ಹಾಗೇ ಒಂದರ ಕೆಳಗೊಂದು ಬರೆದಿದ್ದ ಹಳೇ ಪಾದ್ರಿ. ಮೇವಿಸ್ ಬೆರಳಿಟ್ಟು ಇಳಿದಳು. ಏಪ್ರಿಲ್‌ನಲ್ಲಿ ಥಾಮಸಿನ್‌ಳ ಮದುವೆ ಸಿಕ್ಕಿತು. ಮೇ, ಜೂನ್, ಸುಗ್ಗಿ, ಕ್ರಿಸ್‌ಮಸ್ ಎಲ್ಲ ದಾಟಿದವು. ಜನವರಿ ಬಂತು, ಫೆಬ್ರವರಿ ಬಂತು, ಅಲ್ಲಿ ಜಾನ್. ಅವನ ಕೆಳಗೆ ಇನ್ನೂ ನಾಲ್ಕು ಹೆಸರು. ಅದಾದ ಮೇಲೆ, ಮಾರ್ಚ್ ಇಪ್ಪತ್ತೈದರಂದು, ಉದ್ದಕ್ಕೆ ಒಂದು ಗೆರೆ ಎಳೆದು ಪಾದ್ರಿ ದಪ್ಪಗೆ 1732 ಎಂದು ಬರೆದಿದ್ದ.

ಇದರ ಅರ್ಥ ಮೇವಿಸ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಾಲದಲ್ಲಿ ಈ ದೇಶದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಜನವರಿ ಒಂದಕ್ಕಲ್ಲ, ಮಾರ್ಚ್ ಇಪ್ಪತ್ತೈದಕ್ಕೆ. ಒಂದೇ ಇಸವಿಯ ಏಪ್ರಿಲ್ ಮೊದಲು ಬರುತ್ತಿತ್ತು, ಫೆಬ್ರವರಿ ಕೊನೆಗೆ. ವಂಶ ಹುಡುಕುವವರು ಮೊದಲ ವಾರ ಕಲಿಯುವ ಪಾಠ ಇದು. ಆದರೆ ಕತ್‌ಬರ್ಟ್ ತನ್ನ ನಕಲಿನ ಮೊದಲ ಪುಟದಲ್ಲಿ 'ಎಲ್ಲವನ್ನೂ ಈಗಿನ ಕ್ರಮಕ್ಕೆ ತಂದಿದೆ' ಎಂದು ಬರೆದಿದ್ದನಲ್ಲ, ಇಸವಿಗಳನ್ನೂ ತಿದ್ದಿದ್ದಾನೆಂದು ಎಲ್ಲರೂ ನಂಬಿದ್ದರು. ಇಸವಿಗಳನ್ನು ಅವನು ಮುಟ್ಟಿಯೇ ಇರಲಿಲ್ಲ. ಹಳೇ ಪಾದ್ರಿ ಕುಡಿದು ತಿಂಗಳುಗಳನ್ನು ಹಿಂದುಮುಂದು ಬರೆದಿದ್ದಾನೆ ಅಂದುಕೊಂಡನೋ ಏನೋ, ಪ್ರತಿ ವರ್ಷದ ಬಾಲವನ್ನು, ಅಂದರೆ ಜನವರಿಯಿಂದ ಮಾರ್ಚಿನವರೆಗಿನದನ್ನು, ಕತ್ತರಿಸಿ ತಲೆಗೆ ಅಂಟಿಸಿದ್ದ, ಅಷ್ಟೆ. ಏಪ್ರಿಲ್‌ನಲ್ಲಿ ಮದುವೆಯಾಗಿ, ಹತ್ತು ತಿಂಗಳು ಕಳೆದು ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ಹೆಣ್ಣುಮಗಳಿಗೆ ಎಂಬತ್ತೇಳು ವರ್ಷದಿಂದ ಕೆಟ್ಟ ಹೆಸರು.

ಮೇವಿಸ್ ಗಟ್ಟಿಯಾಗಿ ನಕ್ಕಳು. ಎಲ್ಲರೂ ಶ್ ಎಂದರು. ನಗುತ್ತಿದ್ದವಳಿಗೆ ಅಳು ಬಂತು. ಪುಸ್ತಕದ ಮೇಲೆ ಕಣ್ಣೀರು ಬಿದ್ದೀತೆಂದು ಮಿಸ್ ಪೆಚ್ ಓಡಿ ಬಂದು, ಮೊದಲು ಪುಸ್ತಕ ಸರಿಸಿ ಆಮೇಲೆ ಕರವಸ್ತ್ರ ಕೊಟ್ಟಳು.

ಜುಲೈ ಕೊನೆಯ ಶನಿವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ಪಂಚಾಯಿತಿ ಕೂತಿತು. ತೀರ್ಮಾನ ಹೇಳಬೇಕಾದವಳು ಪಾದ್ರಿಯಮ್ಮ ಫಿಲಿಪಾ ಆಸ್ಕ್ವಿತ್. ನಾಲ್ಕು ಊರಿನ ಚರ್ಚು ಅವಳ ತಲೆ ಮೇಲೆ, ಹಾಗಾಗಿ ಕಾರಿನ ಬೀಗದ ಕೈ ಕೈಯಲ್ಲೇ ಇತ್ತು. ಫ್ಲಾರಿ ಗಾಲಿಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ಬೆರಿಲ್ ತಾತನ ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ಮೇವಿಸ್ ಮೂಲ ಪುಟದ ಫೋಟೋ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು.

"ಅಂದ್ರೆ ನಮ್ ತಾತ ಸುಳ್ಳ ಅಂತೀಯಾ?" ಎಂದಳು ಬೆರಿಲ್.

"ಸುಳ್ಳ ಅನ್ನಲಿಲ್ಲ. ಮಾಂಸ ಕತ್ತರಿಸೋದ್ರಲ್ಲಿ ನಿಮ್ ತಾತನದು ಎತ್ತಿದ ಕೈ. ವರ್ಷ ಕತ್ತರಿಸೋಕೆ ಹೋಗ್ಬಾರ್ದಿತ್ತು."

"ಮಾರ್ಚಿಗೆ ಹೊಸ ವರ್ಷ ಅಂತೆ. ನಿಂಗೆ ಬೇಕಾದಾಗ ವರ್ಷ ಹುಟ್ಟುತ್ತೇನೇ ಮೇವಿಸ್? ಏಪ್ರಿಲ್ ಏಪ್ರಿಲ್ಲೇ, ಫೆಬ್ರವರಿ ಫೆಬ್ರವರಿನೇ. ಪುಸ್ತಕದಲ್ಲಿ ಇರೋದು ಇದೆ."

ಮೇವಿಸ್ ಇದೇ ಮಾತಿಗೆ ಕಾದಿದ್ದಳು. "ಆಯ್ತು, ನಿಮ್ಮ ಪುಸ್ತಕನೇ ತೆಗೀರಿ. 1728. ನಿಮ್ಮ ವಂಶದ ಅಜ್ಜಿ ಗ್ರೇಸ್ ಹುಟ್ಟಿದ ವರ್ಷ. ಅವಳ ತಾಯಿ ಮಾರ್ಜರಿ ಅಲ್ವಾ? ಪಾದ್ರಿಯಮ್ಮ, ನೀವೇ ಓದಿ."

ಫಿಲಿಪಾ ಪುಟ ತಿರುಗಿಸಿದಳು. "ಜನವರಿ ಒಂಬತ್ತು, ಮಾರ್ಜರಿಯ ಶವಸಂಸ್ಕಾರ," ಎಂದು ಓದಿ, ಬೆರಳು ಕೆಳಗಿಳಿಸಿ, ಮತ್ತೆ ಮೇಲಿನ ಸಾಲು ನೋಡಿದಳು. "ಅಕ್ಟೋಬರ್ ಮೂವತ್ತು, ಗ್ರೇಸ್‌ಳ ದೀಕ್ಷಾಸ್ನಾನ. ತಾಯಿ, ಅದೇ ಮಾರ್ಜರಿ."

"ಮಣ್ಣಾಗಿ ಒಂಬತ್ತು ತಿಂಗಳಾದ ಮೇಲೆ ಹೆತ್ತಿದಾಳೆ," ಎಂದಳು ಮೇವಿಸ್. "ಒಂದೋ ನಮ್ ಥಾಮಸಿನ್ ಮದುವೆ ಆಗಿಯೇ ಹೆತ್ಲು, ಇಲ್ಲಾ ನಿಮ್ ಮಾರ್ಜರಿ ಸತ್ತು ಹೆತ್ಲು. ಯಾವುದು ಬೇಕೋ ಆರಿಸ್ಕೊಳ್ಳಿ, ನಂಗೆ ಎರಡೂ ಒಪ್ಪಿಗೆ."

ಪಾದ್ರಿಯಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಬೆರಿಲ್, ಈ ವರ್ಷ ಫ್ಲಾರಿ ಕತ್ತರಿಸ್ತಾರೆ," ಎಂದು ಕಡ್ಡಿ ಮುರಿದಂತೆ ಹೇಳಿದಳು.

ಬೆರಿಲ್ ತಾತನ ಪುಸ್ತಕ ಮುಚ್ಚಿದಳು. ಅವಳ ಮುಖ ನೋಡಿ ಮೇವಿಸ್‌ಗೆ ಗೆದ್ದ ಖುಷಿ ಅರ್ಧ ಇಳಿದುಹೋಯಿತು. "ಇಪ್ಪತ್ತು ವರ್ಷ ಅದೇ ದಿನ ಅದೇ ಕೆಲಸ," ಎಂದಳು ಬೆರಿಲ್. "ಇನ್ನು ನಾನು ಅಲ್ಲಿ ನಿಂತು ಏನ್ ಮಾಡ್ಲಿ?"

ಫ್ಲಾರಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. "ಬೆಣ್ಣೆ ಹಚ್ಚು. ಮುನ್ನೂರು ವರ್ಷದಿಂದ ಊರಿಗೆ ಒಣ ಬ್ರೆಡ್ಡು ತಿನ್ನಿಸ್ತಾ ಇದೀವಿ, ಜಿಪುಣಿ ಸುಸಾನಾ." ಆಮೇಲೆ ಮಗಳ ಕಡೆ ತಿರುಗಿ, "ಥಾಮಸಿನ್ ಇಷ್ಟು ಸಾಚಾ ಅಂತ ಗೊತ್ತಿರ್ಲಿಲ್ಲ ನೋಡು. ಸ್ವಲ್ಪ ಬೇಜಾರೇ ಆಯ್ತು," ಎಂದಳು.

ಆಗಸ್ಟಿನ ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ಕರ್ನಲ್ ಪೊಲಿಟ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಊರೆಲ್ಲ ಸಾಲು ನಿಂತಿತ್ತು. ಬೆರಿಲ್ ಒಂದು ಬೋಗುಣಿ ತುಂಬ ಬೆಣ್ಣೆ ತಂದು, ತೋಳು ಮಡಿಸಿ, ಮೇಜಿನ ಆ ತುದಿಯಲ್ಲಿ ನಿಂತಿದ್ದಳು. ಪಾದ್ರಿಯಮ್ಮ ಚರ್ಚಿನ ಚಾಕುವನ್ನು ಮುಂದೆ ಹಿಡಿದಳು.

ಫ್ಲಾರಿ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಕೈಚೀಲ ತೆರೆದಳು. ಬಟ್ಟೆ ಸುತ್ತಿದ ಚಾಕು ಹೊರಗೆ ಬಂತು, ಮಡಿಕೆ ಬಿಚ್ಚಿದರೆ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು. ಮೇವಿಸ್‌ಳ ಕೈ ತನಗೇ ತಿಳಿಯದೆ ಕೆನ್ನೆಗೆ ಹೋಯಿತು.

"ಯಾರ್ದಮ್ಮ ಇದು?" ಎಂದು ಕೇಳಿದಳು, ಐವತ್ತೆಂಟು ವರ್ಷ ತಡವಾಗಿ.

"ನಮ್ ಅಜ್ಜಿದು. ಹನ್ನೊಂದನೇ ಇಸವಿಲಿ ಶೆಫೀಲ್ಡಿಂದ ತರಿಸಿದ್ಲು, ಈ ಬ್ರೆಡ್ಡಿಗೇ ಅಂತ. ಇನ್ನೂ ಬೋಣಿ ಆಗಿಲ್ಲ."

ಮೇವಿಸ್ ತಾಯಿಯ ಬೆನ್ನಿಗೆ ಒಂದು ಕೈ ಕೊಟ್ಟು ನಿಂತಳು. ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

"ತೆಳ್ಳಗೆ ಕತ್ತರ್ಸು ಫ್ಲಾರಿ," ಎಂದಳು ಬೆರಿಲ್ ಬೆಣ್ಣೆಯ ಚಮಚ ಹಿಡಿದು. "ಊರಿಗೆಲ್ಲ ಸಾಲ್ಬೇಕು."

ಫ್ಲಾರಿ ದಪ್ಪಗೇ ಕತ್ತರಿಸಿದಳು.