ಕೊನೆಯ ಪುಟದ ಚೀಟಿ ಮತ್ತು ಹೆಬಸೂರ ಸರ್

ಗ್ರಂಥಾಲಯದ ಗಣಕೀಕರಣವೆಂದರೆ ಕಂಪ್ಯೂಟರ್ ತಂದಿಟ್ಟು, ತಂತ್ರಾಂಶ ಹಾಕಿಕೊಟ್ಟು, ಕೈಕುಲುಕಿ ಹೋಗುವುದಷ್ಟೇ ಎಂದು ತಿಳಿದವರೇ ಹೆಚ್ಚಾಗಿದ್ದ ಕ್ಷೇತ್ರದಲ್ಲಿ, ಪುಣೆಯ ನಲವತ್ತಕ್ಕೂ ಹೆಚ್ಚು ವಾಚನಾಲಯಗಳ ತಂತ್ರಾಂಶವನ್ನು ಮನೆಯ ಹಿರಿಯರ ಔಷಧಿಯಂತೆ ಹೊತ್ತುಹೊತ್ತಿಗೆ ನೋಡಿಕೊಂಡು ಬಂದವರು ಶ್ರೀ ಬಾಳಕೃಷ್ಣ ಹೆಬಸೂರ ಅವರು. ಮೂವತ್ತೊಂದು ವರ್ಷಗಳ ಸೇವೆಯ ನಂತರ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಕೋಥರೂಡದ ವಾಚನಾಲಯವೊಂದರ ಗ್ರಂಥಪಾಲಕಿಯಾದ ನನಗೂ ಎರಡು ಮಾತು ಬರೆಯುವ ಅವಕಾಶ ದೊರೆತಿದೆ.

ಇಂಥ ಅಭಿನಂದನ ಗ್ರಂಥಗಳಲ್ಲಿ ಸನ್ಮಾನಿತರ ತಪ್ಪುಗಳನ್ನು ಬರೆಯುವ ಪದ್ಧತಿಯಿಲ್ಲ. ನಾನೂ ಬರೆಯುತ್ತಿರಲಿಲ್ಲ. ಆದರೆ ಲೇಖನದ ವಿಷಯ ತಿಳಿದ ಕೂಡಲೇ ಅವರೇ ಫೋನ್ ಮಾಡಿದರು. “ಹೊಗಳೂದಿದ್ರ ಹೊಗಳ್ರಿ, ಬ್ಯಾಡ ಅನ್ನೂದಿಲ್ಲ. ಆದರ ಆ ಚೀಲದ ಕಥಿ ಬಿಟ್ಟು ಬರದ್ರ ನಾ ಆ ಪುಸ್ತಕ ಮುಟ್ಟೂದಿಲ್ಲ ನೋಡ್ರಿ.” ಆದ್ದರಿಂದ ಸಂಪಾದಕರು ನನ್ನನ್ನು ಕ್ಷಮಿಸಬೇಕು.

ಧಾರವಾಡದಲ್ಲಿ ಓದು ಮುಗಿಸಿ, ೧೯೯೪ರಲ್ಲಿ ಒಂದು ಟ್ರಂಕಿನೊಡನೆ ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸಿಳಿದ ಹೆಬಸೂರರು, ಬಿಬವೇವಾಡಿಯಲ್ಲಿ ಕೋಣೆ ಹಿಡಿದು ಸಣ್ಣದೊಂದು ತಂತ್ರಾಂಶ ಸಂಸ್ಥೆಗೆ ಸೇರಿದರು. ಮೌಸ್ ಮುಟ್ಟಲು ಅಂಜುತ್ತಿದ್ದ ಹಿರಿಯ ಗ್ರಂಥಪಾಲಕರ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ದಪ್ಪಕ್ಷರದಲ್ಲಿ ಸೂಚನೆಗಳನ್ನು ಬರೆದುಕೊಟ್ಟು, ಯಾರಿಗೂ ತಾವು ದಡ್ಡರೆಂಬ ಭಾವನೆ ಬಾರದಂತೆ ಕಲಿಸಿದರು. ಅವರದೊಂದು ವಿಚಿತ್ರ ಹಟವೂ ಇತ್ತು. ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾದರೂ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ಹಿಂತಿರುಗಿಸುವ ದಿನಾಂಕದ ಮುದ್ರೆ ಒತ್ತಲೇಬೇಕು. ತಂತ್ರಾಂಶ ಮಾರುವವರೇ ರಬ್ಬರ್ ಮುದ್ರೆ ಕೇಳುತ್ತಾರೆಂದು ಗ್ರಂಥಪಾಲಕರೆಲ್ಲ ನಗುತ್ತಿದ್ದರಂತೆ.

೨೦೧೮ರಲ್ಲಿ ನಮ್ಮಲ್ಲಿ ದೊಡ್ಡ ಅಪ್‌ಡೇಟ್ ಆಯಿತು. ಅದುವರೆಗೆ ಕನ್ನಡ ಪುಸ್ತಕಗಳ ವಿವರ ಪ್ರತ್ಯೇಕ ಕಡತದಲ್ಲಿತ್ತು. ಹೊಸ ಆವೃತ್ತಿಯಲ್ಲಿ ಅವು ಉಳಿದ ಪುಸ್ತಕಗಳೊಡನೆ ಸೇರಿದವು, ಒಂದು ಒತ್ತಕ್ಷರವೂ ಒಡೆಯದೆ ಪರದೆಯ ಮೇಲೆ ಮೂಡಿದವು. ಹೆಬಸೂರರ ಸಂಭ್ರಮ ನೋಡಬೇಕಿತ್ತು. ಓದುತ್ತ ಕುಳಿತವರನ್ನೆಲ್ಲ ಎಬ್ಬಿಸಿ ತಂದು ತೋರಿಸಿದರು, ಚೀಲದಲ್ಲಿದ್ದ ಫೇಡೆ ಹಂಚಿದರು. ಕೆಲಸಕ್ಕೆ ಸೇರಿ ಮೂರೇ ದಿನವಾಗಿದ್ದ ನನಗೂ ಎರಡು ಸಿಕ್ಕವು.

ಆನಂತರ ಬಾರ್‌ಕೋಡ್ ಅಂಟಿಸುವ ಸಲುವಾಗಿ ಕನ್ನಡ ವಿಭಾಗ ಎರಡು ತಿಂಗಳು ಮುಚ್ಚಿತ್ತು. ಅದೇ ವೇಳೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಕುರ್ಚಿ ಹಾಕಲು ಜಾಗ ಬೇಕಾಯಿತು. ಐದು ವರ್ಷದಲ್ಲಿ ಒಮ್ಮೆಯೂ ಯಾರೂ ಒಯ್ಯದ ಪುಸ್ತಕಗಳನ್ನು ರದ್ದಿಗೆ ಹಾಕಬೇಕೆಂದು ಕಾರ್ಯದರ್ಶಿ ವಿಕ್ರಮ ಅವರು ಪಟ್ಟಿ ತೆಗೆಸಿದರು. ಅದರಲ್ಲಿ ಕನ್ನಡದ ಸಾವಿರದ ನೂರ ನಲವತ್ತು ಪುಸ್ತಕಗಳೂ ಇದ್ದವು, ಒಂದೂ ಬಿಡದೆ. ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಕಂಪ್ಯೂಟರ್ ಹೇಳಿದೆಯಲ್ಲ ಎಂದು ಸಹಿ ಹಾಕಿದೆ, ಪುಸ್ತಕಗಳನ್ನು ಗೋಣಿಚೀಲಗಳಿಗೆ ತುಂಬಿಸಿದೆ. ಇಂದಿಗೂ ಆ ಸಹಿಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ರದ್ದಿಯವನು ಬರುವುದಿತ್ತು. ಆ ಸಂಜೆ, ಬೆಳಗಾವಿ ಕಡೆಯವರಾದ ನಮ್ಮ ಹಳೆಯ ಓದುಗರು ರಂಗೂಬಾಯಿಯವರು ಬಂದರು. ಬಾಗಿಲಲ್ಲಿದ್ದ ಚೀಲಗಳನ್ನು ನೋಡಿ ಏನೆಂದು ಕೇಳಿದರು, ಐದು ವರ್ಷ ಯಾರೂ ಒಯ್ಯದವೆಂದೆ. ಕೂಡಲೇ ರಟ್ಟು ಸಡಿಲಾದ ಒಂದು ಪ್ರವಾಸಕಥನವನ್ನು ಹೊರತೆಗೆದು, ಕೊನೆಯ ಪುಟ ಬಿಚ್ಚಿ ನನ್ನ ಮುಂದೆ ಹಿಡಿದರು.

“ಯಾರೂ ಒಯ್ದಿಲ್ಲ ಅಂತ ಹೇಳಿದವರು ಯಾರವಾ? ಇದನ್ನ ನಾನ ನಾಕು ಸರ್ತಿ ಒಯ್ದೀನಿ. ಮುದ್ರಿ ನೋಡು.”

ಚೀಟಿಯ ತುಂಬ ಮುದ್ರೆಗಳಿದ್ದವು, ಹಿಂದಿನ ವರ್ಷದ್ದೂ ಸೇರಿ. ಹೆಬಸೂರರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದವರು ನೆಲದ ಮೇಲೆ ಕುಳಿತು ಒಂದೊಂದೇ ಚೀಟಿಯನ್ನು ನೋಡಿದರು, ಆಮೇಲೆ ಕಂಪ್ಯೂಟರ್ ನೋಡಿದರು. ಪುಸ್ತಕಗಳ ಹೆಸರುಗಳು ಹೊಸ ಆವೃತ್ತಿಗೆ ಬಂದಿದ್ದವು. ಯಾರು ಯಾವಾಗ ಒಯ್ದರೆಂಬ ದಾಖಲೆ ಮಾತ್ರ ಹಳೆಯ ಕಡತದಲ್ಲಿಯೇ ಉಳಿದಿತ್ತು.

ಅಷ್ಟರಲ್ಲಿ ವಿಕ್ರಮ ಅವರು ಬಂದು, ಹೊಸ ಹುಡುಗಿ, ಅಂದರೆ ನಾನು, ಬಾರ್‌ಕೋಡ್ ಅಂಟಿಸುವಾಗ ಏನೋ ಕೆಡಿಸಿರಬೇಕು ಎಂದರು. ಹೆಬಸೂರರು ಎದ್ದು ನಿಂತರು.

“ಅವರದೇನೂ ತಪ್ಪಿಲ್ರಿ. ತಪ್ಪು ನಂದ ಅದ. ಅಕ್ಷರ ಭಾಳ ಛಂದ ಬಂದ್ವು ಅಂತ ಹಿಗ್ಗಿನೊಳಗ ಫೇಡೆ ಹಂಚಿದೆ, ಮುಂದ ನೋಡಲೇ ಇಲ್ಲ.”

ಹೇಳಿ ಸುಮ್ಮನಾಗಲಿಲ್ಲ. ಬಾಯಿಮಾತು ಉಳಿಯುವುದಿಲ್ಲವೆಂದು ಅಲ್ಲಿಯೇ ಕಾಗದ ಕೇಳಿ ಪಡೆದು, ತಪ್ಪು ತಮ್ಮದೆಂದೂ ನನ್ನದಲ್ಲವೆಂದೂ ಬರೆದು ಸಹಿ ಹಾಕಿದರು. ಆ ಕಾಗದದ ಫಲವಾಗಿ ಅವರ ಸಂಸ್ಥೆ ಅವರನ್ನು ಅಪ್‌ಡೇಟ್ ಕೆಲಸದಿಂದ ತೆಗೆದು, ದೂರು ಕೇಳುವ ಟೆಲಿಫೋನಿನ ಮುಂದೆ ಒಂದು ವರ್ಷ ಕೂರಿಸಿತು. ನನ್ನ ಕೆಲಸ ಉಳಿಯಿತು, ಪುಸ್ತಕಗಳು ಕಪಾಟಿಗೆ ಮರಳಿದವು. ಕುರ್ಚಿಗಳಿಗೆ ಮೇಲಿನ ಅಂತಸ್ತಿನಲ್ಲಿ ಜಾಗ ಸಿಕ್ಕಿತು.

ಶಿಕ್ಷೆಯೆಂದು ಕೊಟ್ಟ ಆ ಟೆಲಿಫೋನಿನ ಕುರ್ಚಿಯಲ್ಲಿ ಅವರು ತಾಳ್ಮೆಯಿಂದ ದೂರು ಕೇಳಿದ ರೀತಿ ಕಂಡು, ವರ್ಷ ಮುಗಿದಾಗ ಅವರನ್ನು ಏಳಿಸಬಾರದೆಂದು ವಾಚನಾಲಯಗಳೇ ಕೇಳಿಕೊಂಡವು. ಆದರೂ ಸಂಸ್ಥೆ ಮತ್ತೆ ಅಪ್‌ಡೇಟ್ ಕೆಲಸಕ್ಕೆ ಕರೆದ ಮೇಲೆ ಅವರು ಒಂದು ನಿಯಮ ತಂದರು. ಅಪ್‌ಡೇಟ್ ಆದ ದಿನ ಆ ವಾಚನಾಲಯದ ಓದುಗರೊಬ್ಬರು ಪಕ್ಕದಲ್ಲಿ ಕುಳಿತು, ತಾವು ಹಿಂದೆ ಒಯ್ದ ಪುಸ್ತಕಗಳನ್ನು ಹೇಳಬೇಕು, ಅವು ದಾಖಲೆಯಲ್ಲಿ ಕಾಣಬೇಕು. ಆ ಓದುಗರು ತಲೆಯಾಡಿಸಿದ ಮೇಲೆಯೇ ಕೆಲಸ ಮುಗಿದಂತೆ. ನಮ್ಮಲ್ಲಿ ಆ ಕುರ್ಚಿ ರಂಗೂಬಾಯಿಯವರದು, ಅವರು ಸುಲಭವಾಗಿ ತಲೆಯಾಡಿಸುವವರಲ್ಲ. ಇಂದು ಹೆಬಸೂರರ ಕಿರಿಯ ಸಹೋದ್ಯೋಗಿಗಳೆಲ್ಲರೂ ಈ ನಿಯಮವನ್ನು ಪಾಲಿಸುತ್ತಿದ್ದಾರೆ, ಹೀಗಾಗಿ ಅವರಿಲ್ಲದ ನಾಳೆಯ ಬಗ್ಗೆ ನನಗೆ ಹೆದರಿಕೆಯಿಲ್ಲ.

ಹೆಬಸೂರ ಸರ್, ನಿಮಗೆ ದೀರ್ಘಾಯುಷ್ಯವೂ ಆರೋಗ್ಯವೂ ದೊರೆಯಲಿ, ಇನ್ನೂ ಬಹುಕಾಲ ನಿಮ್ಮ ಅನುಭವ ನಮಗೆ ದಕ್ಕಲಿ ಎಂದು ಪ್ರಾರ್ಥಿಸುತ್ತ, ಒಂದು ಕಚೇರಿಯ ಮಾತನ್ನೂ ಸೇರಿಸುತ್ತೇನೆ. ಕಳೆದ ತಿಂಗಳು ನೀವು ಮೊದಲ ಬಾರಿಗೆ ಸದಸ್ಯರಾಗಿ ಒಯ್ದ ಆ ರಟ್ಟು ಸಡಿಲಾದ ಪ್ರವಾಸಕಥನದ ಅವಧಿ ಮುಗಿದಿದೆ. ಫೋನಿನಲ್ಲಿ ಮುಂದುವರಿಸಲು ಬರುವುದಿಲ್ಲ, ಖುದ್ದಾಗಿ ತರಬೇಕು. ಹಳೆಯ ಚೀಟಿಯಲ್ಲಿ ನಿಮ್ಮದೇ ಕೊನೆಯ ಮುದ್ರೆ, ಅಲ್ಲಿಗೆ ಜಾಗ ತುಂಬಿತು. ಹೊಸ ಚೀಟಿಯನ್ನು ಕತ್ತರಿಸಿ, ಅಂಟು ಹಚ್ಚಲು ಸಿದ್ಧವಾಗಿ ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದೇನೆ.

ಭವ್ಯಶ್ರೀ
ಗ್ರಂಥಪಾಲಕಿ, ಕೋಥರೂಡ